ತಮ್ಮನ ಡೈವೋರ್ಸಿಗೆ ಅಕ್ಕನ ಪಾಸ್‌ಬುಕ್ ಯಾಕೆ?

ಸಂಪಾದಕರೇ,

ಜೀವನಾಂಶದ ಕೇಸುಗಳಲ್ಲಿ ಬಂಧುಗಳ ಬ್ಯಾಂಕ್ ಖಾತೆಯನ್ನೂ ಕೋರ್ಟಿಗೆ ತರಿಸುತ್ತಿರುವ ಬಗ್ಗೆ ಶನಿವಾರ ನೀವು ಹಾಕಿದ ವರದಿ ಓದಿದೆ. ಹಣ ಬಚ್ಚಿಡುವ ಗಂಡಂದಿರಿಗೆ ಇನ್ನು ಉಳಿಗಾಲವಿಲ್ಲ ಎನ್ನುವ ಧಾಟಿಯಲ್ಲಿ ಬರೆದಿದ್ದೀರಿ. ಬಹಳ ಸಂತೋಷ. ಆದರೆ ಆ ಬಂಧುಗಳ ಪಾಡೇನು ಅಂತ ಒಂದು ಸಾಲೂ ಇಲ್ಲ. ಅಂಥ ಬಂಧುಗಳಲ್ಲಿ ನಾನೂ ಒಬ್ಬಳು. ನಿನ್ನೆ ತಾನೇ ಕೋರ್ಟಿಗೆ ಹೋಗಿ ಬಂದಿದ್ದೇನೆ. ಕಾಲಿನ ಊತ ಇನ್ನೂ ಇಳಿದಿಲ್ಲ.

ನನ್ನ ತಮ್ಮನಿಗೂ ಅವನ ಹೆಂಡತಿಗೂ ಡೈವೋರ್ಸ್ ಕೇಸು ನಡೆಯುತ್ತಿದೆ. ತಪ್ಪು ಇಬ್ಬರದೂ ಇದೆ, ತಮ್ಮನದು ಒಂದು ಕೈ ಜಾಸ್ತಿಯೇ. ಅಮ್ಮ ನನ್ನ ಮನೆಯಲ್ಲಿದ್ದಾರೆ. ಅವರ ಔಷಧಿಗೆ ಅಂತ ಅವನು ತಿಂಗಳು ತಿಂಗಳು ನನ್ನ ಖಾತೆಗೆ ಒಂದಿಷ್ಟು ದುಡ್ಡು ಹಾಕುತ್ತಾನೆ. ಅಷ್ಟು ಸಾಕಾಯಿತು. ಎದುರು ಕಡೆಯ ವಕೀಲರಿಗೆ ನಾನೊಂದು ತಿಜೋರಿಯ ಹಾಗೆ ಕಂಡೆ. ಮೂರು ವರ್ಷದ ಸ್ಟೇಟ್‌ಮೆಂಟ್, ಎಫ್‌ಡಿ ರಸೀದಿ, ಪಿಂಚಣಿ ಕಾಗದ ಎಲ್ಲ ಹಿಡಿದುಕೊಂಡು ಖುದ್ದಾಗಿ ಹಾಜರಾಗಬೇಕು ಅಂತ ಸಮನ್ಸ್ ಬಂತು. ಅದನ್ನು ತಂದ ಅಮೀನರು ಗೇಟಿನಲ್ಲೇ ನಿಂತು ನನ್ನ ಹೆಸರನ್ನು ಎಷ್ಟು ಜೋರಾಗಿ ಕೂಗಿದರೆಂದರೆ, ಎದುರು ಮನೆಯವರು ಸಂಜೆ ಬಂದು ಸಮಾಧಾನ ಹೇಳಿ ಹೋದರು.

ಬ್ಯಾಂಕಿಗೆ ಹೋದೆ. ‘ಮೊಬೈಲಲ್ಲೇ ತೆಗೀಬಹುದಲ್ಲ ಮೇಡಂ’ ಅಂದರು. ಸೀಲ್ ಬೇಕು ಅಂದೆ. ಸಾಹೇಬರು ರಜೆ. ಮರುದಿನ ಸಾಹೇಬರಿದ್ದರು, ಪ್ರಿಂಟರ್ ರಜೆ. ಮೂರನೇ ದಿನ 61 ಹಾಳೆ ಬಂತು. ಒಂದೊಂದಕ್ಕೂ ಸೀಲ್ ಒತ್ತಬೇಕು, ಇಂಕ್ ಒಣಗಿ ಹೋಗಿದೆ. ಆ ಹುಡುಗಿ ಪಾಪ, ಸೀಲಿಗೆ ಉಸಿರು ಊದಿ ಊದಿ ಒತ್ತಿದಳು.

ಕೋರ್ಟಿಗೆ ಹತ್ತೂವರೆಗೆ ಬನ್ನಿ ಅಂದಿದ್ದರು. ಹತ್ತಕ್ಕೇ ಹೋದೆ. ಮೂವತ್ತೆರಡು ವರ್ಷ ಮೇಷ್ಟರಿಕೆ ಮಾಡಿದವಳಿಗೆ ತಡವಾಗಿ ಹೋಗಲು ಬರುವುದಿಲ್ಲ. ಕೂರಲು ಬೆಂಚಿಲ್ಲ. ಇದ್ದ ಒಂದರ ಮೇಲೆ ಫೈಲುಗಳು ಕೂತಿದ್ದವು. ನನ್ನನ್ನು ಕೂಗಿದ್ದು ಸಂಜೆ ನಾಲ್ಕಕ್ಕೆ. ಕಾಗದ ಕೊಟ್ಟೆ. ನೋಡಲು ಸಮಯ ಬೇಕು ಅಂದರು ವಕೀಲರು. ವಾಯಿದೆ. ಎರಡು ನಿಮಿಷವೂ ಆಗಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ಆ ವಕೀಲರ ಜೂನಿಯರ್ ಹುಡುಗ ತನ್ನ ಪ್ರತಿಯನ್ನು ಕಾರಿಡಾರ್ ಕಿಟಕಿಯ ಕಟ್ಟೆ ಮೇಲಿಟ್ಟುಕೊಂಡು ಪೆನ್ಸಿಲ್ಲಿನಿಂದ ಒಂದೊಂದೇ ಸಾಲು ಇಳಿಯತೊಡಗಿದ. ‘ಈ ಹದಿನೈದು ಸಾವಿರ ಯಾರಿಗೆ?’ ಚೀಟಿ ದುಡ್ಡಪ್ಪ. ‘ಇದು?’ ಮಗಳ ಹುಟ್ಟುಹಬ್ಬ. ಆಮೇಲೆ ಒಂದು ಲ್ಯಾಬ್ ಹೆಸರಿನ ಮೇಲೆ ಪೆನ್ಸಿಲ್ ನಿಂತಿತು. ‘ಬಯಾಪ್ಸಿ ಮಾಡುವ ಲ್ಯಾಬ್ ಅಲ್ವಾ ಇದು?’ ಅಂತ ಗಟ್ಟಿಯಾಗಿ ಕೇಳಿದ. ಆ ಪರೀಕ್ಷೆಯ ವಿಷಯ ನಾನು ಮಗಳಿಗೂ ಹೇಳಿರಲಿಲ್ಲ. ಈಗ ಕಾರಿಡಾರಿನಲ್ಲಿದ್ದ ಹತ್ತು ಜನಕ್ಕೆ ಗೊತ್ತು. ಅವರಲ್ಲಿ ಇಬ್ಬರು ನನ್ನ ಹಳೇ ವಿದ್ಯಾರ್ಥಿಗಳು.

ರಾತ್ರಿ ಪರಿಚಯದ ವಕೀಲರೊಬ್ಬರಿಗೆ ಫೋನ್ ಮಾಡಿದೆ. ಅವರು ಹೇಳಿದ್ದನ್ನು ಕೇಳಿ ನಿದ್ದೆ ಬರಲಿಲ್ಲ. ಬರೀ ಕಾಗದಕ್ಕಾಗಿ ಸಮನ್ಸ್ ಬಂದವರು ಆ ಕಾಗದವನ್ನು ಬೇರೆಯವರ ಕೈಲಿ ತಲುಪಿಸಿದರೂ ಸಾಕು ಅಂತ ಸಿವಿಲ್ ಪ್ರೊಸೀಜರ್ ಕೋಡಿನ 16ನೇ ಆದೇಶದ 6ನೇ ನಿಯಮದಲ್ಲೇ ಇದೆಯಂತೆ. ಬ್ಯಾಂಕಿನ ಲೆಕ್ಕವನ್ನು ಕೋರ್ಟು ನೇರವಾಗಿ ಬ್ಯಾಂಕಿನಿಂದಲೇ ತರಿಸಿಕೊಳ್ಳಲು 1891ರಿಂದ ಕಾನೂನಿದೆಯಂತೆ. ಬಾಗಿಲು ಮುಚ್ಚಿ ವಿಚಾರಣೆ ಮಾಡಿ ಅಂತ ಗಂಡನೋ ಹೆಂಡತಿಯೋ ಕೇಳಿದರೆ ಕೌಟುಂಬಿಕ ನ್ಯಾಯಾಲಯ ಮಾಡಲೇಬೇಕು, 1984ರ ಕಾಯಿದೆಯ 11ನೇ ಕಲಂ. ಹಾಗಾದರೆ ನಾನು ಕೇಳಿದರೆ? ಕಲಂನಲ್ಲಿ ನನ್ನಂಥವರ ಸುದ್ದಿಯೇ ಇಲ್ಲ. ಜಗಳ ಅವರದು, ಗುಟ್ಟೂ ಅವರಿಗೇ. ನಮ್ಮದು ಕಿಟಕಿ ಕಟ್ಟೆಯ ಮೇಲೆ.

ಹಾಗಂತ ಹಣ ಬಚ್ಚಿಡುವವರೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ನನ್ನ ಜೊತೆ ಕೆಲಸ ಮಾಡಿದವರೊಬ್ಬರ ಅಳಿಯ ಅಂಗಡಿಯನ್ನು ರಾತ್ರೋರಾತ್ರಿ ಅಮ್ಮನ ಹೆಸರಿಗೆ ಮಾಡಿ, ಕೋರ್ಟಿನಲ್ಲಿ ‘ನನಗೆ ಆದಾಯವೇ ಇಲ್ಲ’ ಅಂದಿದ್ದ. ಅಂಥವನ ಅಮ್ಮನನ್ನು ಧಾರಾಳವಾಗಿ ಕರೆಸಲಿ. ಆದರೆ ಮೊದಲು ಗಂಡ ಹೆಂಡತಿ ತಮ್ಮ ಲೆಕ್ಕ ಕೊಡಬೇಕಲ್ವಾ? ಇಬ್ಬರೂ ಆಸ್ತಿ, ಸಾಲ, ಆದಾಯದ ಅಫಿಡವಿಟ್ ಹಾಕಬೇಕು ಅಂತ ಸುಪ್ರೀಂ ಕೋರ್ಟ್ 2020ರ ನವೆಂಬರಿನಲ್ಲೇ ರಜನೀಶ್–ನೇಹಾ ಪ್ರಕರಣದಲ್ಲಿ ಹೇಳಿದೆ. ಉತ್ತರ ಕೊಡುವವರಿಗೆ ನಾಲ್ಕು ವಾರ, ಎರಡಕ್ಕಿಂತ ಜಾಸ್ತಿ ಅವಕಾಶ ಕೊಡಬಾರದು. ಯಾರೂ ಪಾಲಿಸುತ್ತಿಲ್ಲ ಅಂತ 2023ರಲ್ಲಿ ಅದೇ ಕೋರ್ಟು ಬೇಸರಪಟ್ಟು ಆ ತೀರ್ಪನ್ನು ಮತ್ತೊಮ್ಮೆ ಎಲ್ಲ ಕಡೆಗೆ ಕಳಿಸಿತು. ನಮ್ಮ ತಮ್ಮ ಐದನೇ ವಾಯಿದೆಯಲ್ಲಿದ್ದಾನೆ. ಅಫಿಡವಿಟ್ ಇನ್ನೂ ಟೈಪ್ ಆಗುತ್ತಿದೆಯಂತೆ. ಅವನ ಲೆಕ್ಕ ಬರುವ ಮೊದಲೇ ಅಕ್ಕನ ಲೆಕ್ಕ ಬಂದಾಯಿತು!

ಹಾಗೂ ಬೇಕಿದ್ದರೆ ತಮ್ಮ ಹಾಕಿದ ದುಡ್ಡಿನ ಸಾಲುಗಳನ್ನಷ್ಟೇ ಕೇಳಬಹುದಿತ್ತು. ಎಲ್ಲ ಸೇರಿಸಿದರೂ ಎರಡು ಹಾಳೆ ಆಗುತ್ತಿರಲಿಲ್ಲ.

ಸಾಮಾನ್ಯ ಜನರ ಲೆಕ್ಕ ಕೇಳುವುದರಲ್ಲಿ ಮಾತ್ರ ನಮ್ಮ ವ್ಯವಸ್ಥೆಗೆ ಎಲ್ಲಿಲ್ಲದ ಹುರುಪು. ಶಾಸಕರು, ಮಂತ್ರಿಗಳು ಪ್ರತಿವರ್ಷ ಜೂನ್ 30ರೊಳಗೆ ಲೋಕಾಯುಕ್ತಕ್ಕೆ ಆಸ್ತಿ ವಿವರ ಕೊಡಬೇಕು. ಕೊಡದವರ ಪಟ್ಟಿಯನ್ನು ನಿಮ್ಮಂಥ ಪತ್ರಿಕೆಗಳಲ್ಲೇ ಓದಿದ್ದೇನೆ. ಅವರ ಮನೆ ಗೇಟಿನಲ್ಲಿ ಯಾವ ಅಮೀನ ನಿಂತು ಕೂಗಿದ್ದಾನೆ? ನಾನೋ, ಪಿಂಚಣಿ ಬರಬೇಕಾದರೆ ಪ್ರತಿ ನವೆಂಬರ್ ನಾನಿನ್ನೂ ಬದುಕಿದ್ದೇನೆ ಅಂತ ಸಾಬೀತು ಮಾಡಬೇಕು. ಹೋದ ವರ್ಷ ನನ್ನ ಬೆರಳಚ್ಚು ಮಶೀನಿಗೆ ಹತ್ತಲಿಲ್ಲ. ಸೀಮೆಸುಣ್ಣ ಹಿಡಿದು ಸವೆದ ಬೆರಳು ಸ್ವಾಮಿ, ಏನು ಮಾಡಲಿ? ಎದುರಿಗೇ ನಿಂತಿದ್ದರೂ ‘ಸಿಸ್ಟಮ್ ಒಪ್ಪುತ್ತಿಲ್ಲ’ ಅಂದರು ಆ ಮಹಾನುಭಾವರು. ತಾಲ್ಲೂಕು ಕಚೇರಿಯ ಪಹಣಿ ತಿದ್ದುಪಡಿಯ ಕಥೆ ಬೇರೆಯೇ ಇದೆ, ಅದಕ್ಕೆ ಇನ್ನೊಂದು ಪತ್ರ ಬೇಕು.

ಆದ್ದರಿಂದ ಸಂಬಂಧಪಟ್ಟವರು ಕೂಡಲೇ ಗಮನಿಸಬೇಕು. ಮೂರನೆಯವರಿಂದ ಬೇಕಾದಷ್ಟನ್ನೇ ಕೇಳಲಿ, ಇಲ್ಲವೇ ಕೇಳುವುದನ್ನೇ ಬಿಡಲಿ. ಕನಿಷ್ಠ ಬೆಂಚಿನ ಮೇಲಿನ ಫೈಲುಗಳನ್ನಾದರೂ ಎತ್ತಿಡಲಿ. ವಕೀಲರ ಸಂಘದವರು ಆ ಜೂನಿಯರ್ ಹುಡುಗನಿಗೆ ಮೆಲ್ಲಗೆ ಮಾತಾಡಲು ಕಲಿಸಲಿ. ನನ್ನ ತರಗತಿಯಲ್ಲಿದ್ದಿದ್ದರೆ ನಾನೇ ಕಲಿಸುತ್ತಿದ್ದೆ.

ಮುಂದಿನ ವಾಯಿದೆ ಈ ತಿಂಗಳ ಕೊನೆಗಂತೆ. ಸ್ಟೇಟ್‌ಮೆಂಟಿನ ಕೆಲವು ಹಾಳೆಗಳಲ್ಲಿ ಸೀಲ್ ಸರಿಯಾಗಿ ಮೂಡಿಲ್ಲವಂತೆ, ಪಾಸ್‌ಬುಕ್ಕನ್ನೂ ತರಬೇಕಂತೆ.

— ಒಬ್ಬ ನಿವೃತ್ತ ಶಿಕ್ಷಕಿ