ತಿಗರಿ ಇಲ್ಲದ ಕುಂಬಾರರು

ಪ್ರೀತಿಯ ಶಿವು,

ಪೆರುವಿನ ಲಿಮಾದಲ್ಲಿ ಆಫೀಸಿನ ಕೆಲಸ ನಿನ್ನೆಗೆ ಮುಗಿಯಿತು. ಇವತ್ತೊಂದು ದಿನ ಕೈಯಲ್ಲಿತ್ತು. ಮಾಚು ಪಿಚು ನೋಡಿ ಬರುವಷ್ಟು ಹೊತ್ತಿಲ್ಲ, ಸುಮ್ನೆ ರೂಮಿನಲ್ಲಿ ಮಲಗೋಕೂ ಮನಸ್ಸಿಲ್ಲ. ಲಾರ್ಕೊ ಮ್ಯೂಸಿಯಂಗೆ ಹೋದೆ. ಅಲ್ಲಿದ್ದಷ್ಟು ಹೊತ್ತೂ ನೆನಪಾದವರು ನಿಮ್ಮಜ್ಜ.

ಪ್ವೆಬ್ಲೊ ಲಿಬ್ರೆ ಅನ್ನುವ ಬಡಾವಣೆಯಲ್ಲಿ ಹಳೇ ಬಿಳಿ ಬಂಗಲೆ, ಸುತ್ತ ಕಾಗದದ ಹೂವಿನ ಬಳ್ಳಿ. ರಫಾಯೆಲ್ ಲಾರ್ಕೊ ಅನ್ನುವವರು 1926ರಲ್ಲಿ, ತಮ್ಮ 25ನೇ ವಯಸ್ಸಿಗೇ ಶುರು ಮಾಡಿದ್ದಂತೆ. ಆಗ ಅದು ಇದ್ದದ್ದು ಪೆರುವಿನ ಉತ್ತರ ಭಾಗದಲ್ಲಿ, ಮನೆಯವರ ಕಬ್ಬಿನ ಎಸ್ಟೇಟಿನಲ್ಲಿ. ಲಿಮಾಕ್ಕೆ ಬಂದದ್ದು ಆಮೇಲೆ.

ಚಿನ್ನ, ಬೆಳ್ಳಿ ಎಲ್ಲ ಬೇಗ ಬೇಗ ದಾಟಿದೆ. ಮಜಾ ಇರುವುದು ಉಗ್ರಾಣದಲ್ಲಿ. ಬೇರೆ ಕಡೆ ಬೀಗ ಹಾಕಿಡುವ ಉಗ್ರಾಣವನ್ನು ಇಲ್ಲಿ ಜನಕ್ಕೆ ಬಿಟ್ಟಿದ್ದಾರೆ. ಎತ್ತರದ ಗಾಜಿನ ಕಪಾಟುಗಳು, ಒಳಗೆ ಸಾವಿರಾರು ಮಡಕೆ. ಸಂತೆಯಲ್ಲಿ ಇಟ್ಟ ಹಾಗೆ ಬಗೆಬಗೆಯಾಗಿ ಜೋಡಿಸಿದ್ದಾರೆ. ಗೂಬೆ ಮಡಕೆ ಒಂದು ಕಡೆ, ಕಪ್ಪೆ ಒಂದು ಕಡೆ, ಆಲೂಗಡ್ಡೆ ಒಂದು ಕಡೆ. ಹೌದು ಕಣೋ, ಮೊಳಕೆ ಬರುವ ಕಣ್ಣುಗಳ ಸಮೇತ ಆಲೂಗಡ್ಡೆ! ನಮ್ಮ ಪಲ್ಯದ ಆಲೂಗಡ್ಡೆಯ ತವರುಮನೆ ಇದೇ ಅಲ್ವಾ.

ಈಗ ಅಸಲು ವಿಷಯಕ್ಕೆ ಬರ್ತೀನಿ. ಈ ಮಡಕೆ ಮಾಡಿದವರ ಹತ್ತಿರ ತಿಗರಿಯೇ ಇರಲಿಲ್ಲ! ಸ್ಪೇನಿನವರು ಬರುವ ತನಕ ಆ ಕಡೆಯ ಯಾವ ಕುಂಬಾರನೂ ತಿಗರಿ ತಿರುಗಿಸಿದವನಲ್ಲ. ಉತ್ತರದ ಕರಾವಳಿಯ ಮೋಚೆ ಜನ, ಅಂದರೆ ಕ್ರಿ.ಶ. 100ರಿಂದ 800ರವರೆಗಿನ ಆಸುಪಾಸಿನವರು, ಅಚ್ಚು ಬಳಸುತ್ತಿದ್ದರು. ಎರಡು ಹೋಳಿನ ಅಚ್ಚು. ಒಳಗೆ ಹಸಿ ಮಣ್ಣು ಒತ್ತಿ, ಎರಡೂ ಹೋಳು ಕೂಡಿಸಿ, ಬೆಸುಗೆ ಕಾಣದ ಹಾಗೆ ಸವರುವುದು. ನಾನು ಗಾಜಿಗೆ ಮೂಗು ತಾಗಿಸಿ ಆ ಬೆಸುಗೆ ಹುಡುಕಿದೆ. ಕೊನೆಗೆ ಒಂದು ಮುಖದ ಕಿವಿಯ ಹಿಂದೆ ಕೂದಲೆಳೆಯಷ್ಟು ಗೆರೆ ಸಿಕ್ಕಿತು. ನಿಮ್ಮಜ್ಜನಾಗಿದ್ದರೆ ಮೊದಲ ನೋಟಕ್ಕೇ ಹೇಳಿಬಿಡುತ್ತಿದ್ದರು.

ಮುಖ ಅಂದೆನಲ್ಲ, ಅವು ನಿಜವಾದ ಮನುಷ್ಯರ ಮುಖಗಳು. ತಲೆಯ ಆಕಾರದ ಹೂಜಿ, ನೆತ್ತಿಯ ಮೇಲೆ ಕುದುರೆ ಸವಾರ ಕಾಲಿಡುವ ರಿಕಾಪಿನ ಹಾಗೆ ಬಾಗಿದ ಕೊಳವೆ. ಒಬ್ಬನಿಗೆ ಉಬ್ಬಿದ ಕೆನ್ನೆ, ಒಬ್ಬನಿಗೆ ಒಂದು ಕಣ್ಣು ಕುರುಡು. ಇನ್ನೊಬ್ಬನಿದ್ದಾನೆ, ತುಟಿಯ ಮೇಲೆ ಗಾಯದ ಕಲೆ ಇರುವವನು. ಅವನನ್ನು ಹುಡುಗನಾಗಿದ್ದಾಗ ಮಾಡಿದ್ದಾರೆ, ಪ್ರಾಯಕ್ಕೆ ಬಂದ ಮೇಲೂ ಮಾಡಿದ್ದಾರೆ. ಕಲೆ ಒಂದೇ, ಮುಖ ಮಾತ್ರ ಬಲಿಯುತ್ತಾ ಹೋಗುತ್ತದೆ. ಮೋಚೆಗಳಿಗೆ ನಾವು ಓದಬಲ್ಲಂಥ ಬರಹ ಇರಲಿಲ್ಲ, ಹಾಗಾಗಿ ಅವನ ಹೆಸರು ಯಾರಿಗೂ ಗೊತ್ತಿಲ್ಲ. ಆದರೂ ನಾಳೆ ರಸ್ತೆಯಲ್ಲಿ ಸಿಕ್ಕರೆ ಗುರುತು ಹಿಡಿಯುತ್ತೇನೆ.

ಅವರ ನಂತರ ಬಂದ ಚಿಮು ಜನರದ್ದು ಬಹುಪಾಲು ಕರೀ ಮಡಕೆ. ಬಣ್ಣ ಬಳಿದದ್ದಲ್ಲ. ಆವಿಗೆಗೆ ಗಾಳಿ ಹೋಗದಂತೆ ಮುಚ್ಚಿ, ಹೊಗೆಯಲ್ಲೇ ಬೇಯಿಸಿ ಕಪ್ಪು ಮಾಡಿದ್ದು. ಜೋಡಿ ಹೊಟ್ಟೆಯ ಮಡಕೆಗಳೂ ಇವೆ. ನೀರು ತುಂಬಿ ಓಲಾಡಿಸಿದರೆ ನೀರು ಒಂದರಿಂದ ಇನ್ನೊಂದಕ್ಕೆ ಹರಿದು, ಗಾಳಿ ನುಗ್ಗಿ ಸೀಟಿ ಹೊಡೆಯುತ್ತದಂತೆ. ಮುಟ್ಟೋ ಹಾಗಿಲ್ಲ, ಕೈ ಕಟ್ಟಿಕೊಂಡು ನಿಂತು ಹೊಟ್ಟೆ ಉರಿಸಿಕೊಂಡೆ.

ತೋಟದ ಕಡೆ ಇನ್ನೊಂದು ಕೋಣೆ ಇದೆ, ಬರೀ ಶೃಂಗಾರದ ಮಡಕೆಗಳು. ಅದನ್ನು ಇಲ್ಲಿ ಬರೆಯಲ್ಲ, ನಿಮ್ಮಮ್ಮನೂ ಈ ಪತ್ರ ಓದ್ತಾರೆ.

‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಅಂತ ನಿಮ್ಮಜ್ಜ ನಮ್ಮನ್ನು ಅಂಗಳದಿಂದ ಓಡಿಸುತ್ತಿದ್ದರಲ್ಲ, ಹೊರಗೆ ಬರುವಾಗ ಅದೇ ಮಾತು ಕಿವಿಯಲ್ಲಿತ್ತು. ಆ ತಿಗರಿ ಇನ್ನೂ ದನದ ಕೊಟ್ಟಿಗೆಯಲ್ಲೇ ಇದೆಯೇನೋ? ಸೌದೆಗೆ ಹಾಕಿಬಿಟ್ಟೀರಿ ಮತ್ತೆ. ಮುಂದಿನ ತಿಂಗಳು ಬರ್ತೀನಿ, ಇಬ್ಬರೂ ಸೇರಿ ಹೊರಗೆ ತೆಗೆಯೋಣ.

ನಿನ್ನ,
ರಾಜ