ಬೆನ್ನು ಕೊಡಬೇಡ, ಅಳಿಯಾ

ಮುಧೋಳ

ಪ್ರೀತಿಯ ಅಳಿಯನಿಗೆ ಮಾವನ ಆಶೀರ್ವಾದಗಳು.

ಗರಡಿ ಸಾಕು, ಬೆಂಗಳೂರಿಗೆ ಹೋಗಿ ಗುದ್ದು, ಒದೆತ, ಹಿಡಿತ ಎಲ್ಲ ಸೇರಿದ ಎಂಎಂಎ ಕಾಳಗ ಕಲಿಯುತ್ತೇನೆ ಅಂತ ಅವ್ವನ ಮುಂದೆ ಹೇಳಿದೆಯಂತೆ. ನಾನು ಬೇಡ ಅನ್ನುವುದಿಲ್ಲ. ಹೋಗು. ಆದರೆ ಇಲ್ಲಿ ಕಲಿತದ್ದನ್ನು ಇಲ್ಲೇ ಬಿಟ್ಟು ಹೋಗಬೇಡ. ಅದು ಯಾಕೆ ಅನ್ನೋದಕ್ಕೆ ಬ್ರೆಜಿಲ್‌ನ ಎಂಎಂಎ ಆಟಗಾರ ಡೆಮಿಯನ್ ಮೈಯಾನ ವಿಷಯ ಹೇಳಬೇಕು. ನೀನು ಫೋನಿನಲ್ಲಿ ನೋಡುವುದೆಲ್ಲ ಗುದ್ದಿ ಕೆಡವುವವರನ್ನು. ಇವನನ್ನು ನೋಡಿರಲಿಕ್ಕಿಲ್ಲ.

ಮೈಯಾ ಸಾವ್ ಪಾಲೊ ಊರಿನವನು. ಜಿಯು-ಜಿತ್ಸು, ಅಂದರೆ ನೆಲದ ಮೇಲೆ ಹಿಡಿತ ಹಾಕಿ ಸೋಲಿಸುವ ವಿದ್ಯೆ, ಶುರು ಮಾಡಿದ್ದೇ 19ನೇ ವಯಸ್ಸಿಗೆ. ಐದು ವರ್ಷ ತುಂಬುವ ಮೊದಲೇ ಬ್ಲ್ಯಾಕ್ ಬೆಲ್ಟ್ ಸಿಕ್ಕಿತು. 2007ರಲ್ಲಿ ಎಡಿಸಿಸಿ ಗೆದ್ದ. ಗುದ್ದು ಇಲ್ಲದೆ ಬರೀ ಹಿಡಿತದ ಮೇಲೆ ನಡೆಯುವ ಪಂದ್ಯಗಳಲ್ಲಿ ಅದೇ ದೊಡ್ಡದು. ಅದೇ ವರ್ಷ ಎಂಎಂಎ ಪಂದ್ಯ ನಡೆಸುವ ಅಮೆರಿಕದ ದೊಡ್ಡ ಕಂಪನಿ ಯುಎಫ್‌ಸಿಗೆ ಬಂದ. ಅಲ್ಲಿ ಮೊದಲ ಐದೂ ಜನರನ್ನು ಹಿಡಿತದಲ್ಲೇ ಮುಗಿಸಿದ.

ಆಮೇಲೆ ಪೆಟ್ಟು ಬಿತ್ತು. 2009ರಲ್ಲಿ ನೇಟ್ ಮಾರ್ಕ್ವಾರ್ಟ್ ಅವನನ್ನು 21 ಸೆಕೆಂಡಿನಲ್ಲಿ ಕೆಡವಿದ. ಮರುವರ್ಷ ಅಬುಧಾಬಿಯಲ್ಲಿ ಪಟ್ಟಕ್ಕಾಗಿ ಆಂಡರ್ಸನ್ ಸಿಲ್ವಾ ಎದುರು ನಿಂತು ಸೋತ. ಮುಂದೆ ಒಂದಷ್ಟು ಕಾಲ ನಿಂತು ಗುದ್ದಾಡುವುದಕ್ಕೇ ಜಾಸ್ತಿ ಗಮನ ಕೊಟ್ಟ. ಆ ಕಾಲದ ಅವನ ಪಂದ್ಯ ನೋಡಿದರೆ ನನಗೆ ಸಂಕಟ ಆಗುತ್ತದೆ. ಅಷ್ಟು ದೊಡ್ಡ ವಿದ್ಯೆ ಇದ್ದವನು ಸುಮ್ನೆ ಇನ್ನೊಬ್ಬರ ಆಟ ಆಡುತ್ತಿದ್ದ. 2012ರಲ್ಲಿ 84 ಕೆಜಿ ಬಿಟ್ಟು 77 ಕೆಜಿ ತೂಕಕ್ಕೆ ಇಳಿದ. ಅಲ್ಲಿ ಮತ್ತೆ ತನ್ನ ಹಿಡಿತವನ್ನೇ ನಂಬಿದ. 2014ರಿಂದ 2017ರ ತನಕ ಸತತ ಏಳು ಗೆಲುವು! ಕಾರ್ಲೋಸ್ ಕಾಂಡಿಟ್‌ನಂಥ ಗಟ್ಟಿ ಆಳು ಅವನ ಮುಂದೆ ಎರಡು ನಿಮಿಷ ಉಳಿಯಲಿಲ್ಲ.

ಈಗ ನಿನಗೆ ಮುಖ್ಯವಾದ ಮಾತು. ನಮ್ಮ ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಚಿತ್, ಕಥೆ ಮುಗಿಯಿತು. ಅದಕ್ಕೇ ಕೆಳಗೆ ಬಿದ್ದ ಕೂಡಲೇ ಬೋರಲಾಗುತ್ತೀಯ, ಮಣ್ಣು ಹಿಡಿದು ಎದೆ ಊರುತ್ತೀಯ. ಚಿಕ್ಕಂದಿನಿಂದ ಮೈಗೆ ಹತ್ತಿದ ಚಾಳಿ ಅದು. ಎಂಎಂಎಯಲ್ಲಿ ಅದೇ ನಿನ್ನನ್ನು ಕೊಲ್ಲುತ್ತದೆ. ನೀನು ಬೋರಲಾದರೆ ಮೈಯಾನಂಥವನು ಬೆನ್ನೇರುತ್ತಾನೆ. ಎರಡೂ ಕಾಲು ನಿನ್ನ ತೊಡೆಯ ಒಳಗೆ ಸಿಕ್ಕಿಸುತ್ತಾನೆ. ಒಂದು ಕೈ ಗದ್ದದ ಕೆಳಗೆ ನುಗ್ಗುತ್ತದೆ. ಆ ಕೈ ಅವನದೇ ಇನ್ನೊಂದು ರಟ್ಟೆಯನ್ನು ಹಿಡಿಯುತ್ತದೆ, ಆ ಇನ್ನೊಂದು ಕೈ ನಿನ್ನ ತಲೆಯ ಹಿಂದೆ ಕೂರುತ್ತದೆ. ಕತ್ತಿನ ಎರಡೂ ಬದಿಯ ರಕ್ತನಾಳ ಒತ್ತಿದರೆ ಕೆಲವೇ ಸೆಕೆಂಡಿನಲ್ಲಿ ಪ್ರಜ್ಞೆ ತಪ್ಪುತ್ತದೆ. ಬೆನ್ ಆಸ್ಕ್ರೆನ್ 2008ರ ಬೀಜಿಂಗ್ ಒಲಿಂಪಿಕ್ಸ್ ಆಡಿದ ಪೈಲ್ವಾನ. 2019ರಲ್ಲಿ ಸಿಂಗಪುರದಲ್ಲಿ ಮೈಯಾ ಅವನನ್ನೂ ಮೂರನೇ ಸುತ್ತಿನಲ್ಲಿ ಹೀಗೇ ಬೆನ್ನಿನಿಂದ ಕತ್ತು ಬಿಗಿದು ಮುಗಿಸಿದ. ಆಗ ಮೈಯಾನಿಗೆ ಹತ್ತಿರ ಹತ್ತಿರ 42 ವರ್ಷ.

ಆದ್ದರಿಂದ ಅಲ್ಲಿ ಹೋಗಿ ಮೊದಲ ವರ್ಷ ಗುದ್ದುವುದಕ್ಕಿಂತ ಜಾಸ್ತಿ ಅಂಗಾತ ಮಲಗಿ ಆಡುವುದನ್ನು ಕಲಿ. ಕೆಳಗಿದ್ದೂ ಕಾಲಿನಿಂದ ಎದುರಾಳಿಯನ್ನು ಹಿಡಿದಿಡುವುದನ್ನು ಕಲಿ. ನಿನಗೆ ನಾಚಿಕೆ ಅನ್ನಿಸುತ್ತದೆ, ನನಗೆ ಗೊತ್ತು. ಪೈಲ್ವಾನನ ಮಗ ಅಲ್ವಾ ನೀನು.

ಇನ್ನೊಂದು ಮುಖವನ್ನೂ ನೋಡು. 2017ರ ಜುಲೈಯಲ್ಲಿ ಮೈಯಾನಿಗೆ ಮತ್ತೆ ಪಟ್ಟದ ಪಂದ್ಯ ಸಿಕ್ಕಿತು. ಎದುರಿಗಿದ್ದ ಟೈರನ್ ವುಡ್ಲಿ ಕಾಲೇಜಿನಿಂದಲೇ ಕುಸ್ತಿ ಆಡಿದವನು. ಮೈಯಾ ಇಪ್ಪತ್ತಕ್ಕೂ ಹೆಚ್ಚು ಸಲ ಕಾಲಿಗೆ ಕೈ ಹಾಕಿದ. ಒಂದು ಸಲವೂ ಕೆಡವಲಿಕ್ಕೆ ಆಗಲಿಲ್ಲ. ನೆಲಕ್ಕೆ ತರಲಾಗದಿದ್ದರೆ ನೆಲದ ವಿದ್ಯೆ ಏನು ಮಾಡೀತು? ಮುಂದಿನ ಎರಡು ಪಂದ್ಯವೂ ಕೋಬಿ ಕೋವಿಂಗ್ಟನ್, ಕಮಾರು ಉಸ್ಮಾನ್ ಎಂಬ ಕುಸ್ತಿಯವರ ಕೈಲೇ ಹೋಯಿತು. ಅವನಿಗೆ ಆ ದಿನ ಬೇಕಾಗಿದ್ದದ್ದು ನಿನ್ನ ಹತ್ತಿರ ಇದೆ. ಯಾರು ಕೆಳಗೆ ಬೀಳಬೇಕು, ಯಾರು ನಿಂತಿರಬೇಕು ಅನ್ನುವುದನ್ನು ನೀನು ಠರಾಯಿಸಬಲ್ಲೆ. ಇದಕ್ಕಾಗಿಯೇ ದಂಡ, ಬೈಠಕ್, ಬೆಳಗಿನ ಕೆಂಪು ಮಣ್ಣು ಯಾವುದನ್ನೂ ಬಿಡಬೇಡ ಅನ್ನುತ್ತಿದ್ದೇನೆ. ರಜೆಗೆ ಬಂದಾಗಲೂ ಗರಡಿಗೆ ಇಳಿ.

ತಾಲೀಮಿನಲ್ಲಿ ಹಿಡಿತ ಬಿಗಿಯಾದರೆ ಸಾಕು, ಸೋತೆ ಅನ್ನುವ ಸನ್ನೆಗೆ ಕೈ ತಟ್ಟಿಬಿಡು. ಅದರಲ್ಲಿ ಅವಮಾನ ಇಲ್ಲ. ದಿನಾ ತಲೆಗೆ ಗುದ್ದಿಸಿಕೊಂಡರೆ ಗಟ್ಟಿಯಾಗುತ್ತೀಯ ಅಂತ ಯಾರಾದರೂ ಹೇಳಿದರೆ ಅವರ ಹತ್ತಿರ ನಿಲ್ಲಬೇಡ. ಮೈಯಾ 43 ವರ್ಷದ ತನಕ ಆಡಿದ, 28 ಗೆಲುವು, 11 ಸೋಲು. ಗುದ್ದು ತಿನ್ನದೆ ಗೆಲ್ಲುವ ದಾರಿ ಹಿಡಿದದ್ದಕ್ಕೇ ಅಷ್ಟು ವರ್ಷ ಬಾಳಿದ ಅಂತ ನನ್ನ ನಂಬಿಕೆ. ಅವನು ಪತ್ರಿಕೋದ್ಯಮದ ಡಿಗ್ರಿಯನ್ನೂ ಮುಗಿಸಿದ್ದಾನೆ. ನಿನ್ನ ಬಿಎ ಕೊನೆಯ ವರ್ಷ ಬಾಕಿ ಇದೆ. ಪರೀಕ್ಷೆ ಬರೆದೇ ಹೊರಡು.

ಜಿಮ್ ಸೇರುವ ಮೊದಲು ಅಲ್ಲಿ ಕಲಿಸುವವರಿಗೆ ಬೆಲ್ಟ್ ಕೊಟ್ಟವರು ಯಾರು ಅಂತ ಕೇಳಿ ನನಗೆ ತಿಳಿಸು. ಫೀ ಎಷ್ಟು ಅನ್ನುವುದನ್ನೂ ಬರೆ, ಮೊದಲ ಆರು ತಿಂಗಳದ್ದು ನನ್ನ ಮೇಲಿರಲಿ. ಬಾದಾಮಿ, ತುಪ್ಪ ಇಲ್ಲಿಂದ ಕಳಿಸುತ್ತೇನೆ. ಅವ್ವನ ಹತ್ತಿರ ಈ ಭಾನುವಾರ ನಾನೇ ಬಂದು ಮಾತಾಡುತ್ತೇನೆ, ಅಲ್ಲಿಯವರೆಗೆ ನೀನು ಜಗಳ ತೆಗೆಯಬೇಡ.

ಇಂತಿ,
ನಿನ್ನ ಮಾವ