ಮೇನ್ ಜೆಟ್ ಆಮೇಲೆ ನೋಡೋಣ

ಪುಟ್ಟಿ,

ನಿನ್ನ ವಾಯ್ಸ್ ಮೆಸೇಜ್ ಕೇಳಿದೆ. ಸಿಗ್ನಲ್‌ನಲ್ಲಿ ನಿಂತರೆ ನಮ್ಮ ರಾಜದೂತ್ 350 ಬೈಕು ಆಫ್ ಆಗುತ್ತದೆ, ಹೊರಡುವಾಗ ಎಳೆಯದೆ ಒಂದು ಕ್ಷಣ ತಡೆದು ಆಮೇಲೆ ಧಡಕ್ಕನೆ ಮುಂದೆ ನುಗ್ಗುತ್ತದೆ, ಇದಕ್ಕೆ ಗ್ಯಾರೇಜಿನವನು ಕಾರ್ಬುರೇಟರಿನ ಮೇನ್ ಜೆಟ್, ಅಂದರೆ ಪೆಟ್ರೋಲ್ ಬರುವ ತೂತಿರುವ ಪುಟ್ಟ ಹಿತ್ತಾಳೆ ತುಣುಕು, ದೊಡ್ಡದು ಹಾಕೋಣ ಅಂತಿದ್ದಾನೆ ಅಂದೆಯಲ್ಲ. ಬೇಡ ಅನ್ನು. ಬೇಜಾರಾಗದ ಹಾಗೆ ಹೇಳು, ಆದರೆ ಬೇಡ ಅನ್ನು.

ಯಾಕೆ ಅಂತ ಹೇಳ್ತೀನಿ. ಪೆಟ್ರೋಲ್, ಗಾಳಿ ಬೆರೆಸುವ ಕಾರ್ಬುರೇಟರ್ ಒಳಗೆ ಪೆಟ್ರೋಲ್ ಬರುವುದಕ್ಕೆ ಒಂದೇ ದಾರಿ ಇರುವುದಿಲ್ಲ. ಐಡ್ಲಿಂಗ್‌ನಲ್ಲಿ, ಆಕ್ಸಿಲರೇಟರ್ ಸ್ವಲ್ಪವೇ ತಿರುಗಿಸಿದಾಗ ಪೈಲಟ್ ಜೆಟ್ ಅನ್ನುವ ಸಣ್ಣ ಜೆಟ್ ಮತ್ತು ಗಾಳಿ ಹೊಂದಿಸುವ ಏರ್ ಸ್ಕ್ರೂ ಕೆಲಸ ಮಾಡುತ್ತವೆ. ಎಂಟನೇ ಒಂದು ಭಾಗದಿಂದ ಕಾಲು ಭಾಗದವರೆಗೆ, ಆಕ್ಸಿಲರೇಟರ್ ತಿರುಗಿಸಿದಾಗ ಮೇಲೇಳುವ ಸ್ಲೈಡಿನ ಕೆಳಗೆ ಓರೆಯಾಗಿ ಕತ್ತರಿಸಿರುವ ಅಂಚಿನದೇ ದರ್ಬಾರು. ಕಾಲಿನಿಂದ ಮುಕ್ಕಾಲಿನವರೆಗೆ ಸ್ಲೈಡಿಗೆ ನೇತುಬಿದ್ದಿರುವ ಪಿನ್ನು, ಅಂದರೆ ನೀಡಲ್. ಮುಕ್ಕಾಲು ದಾಟಿದ ಮೇಲೆ ಮೇನ್ ಜೆಟ್. ಗಡಿಗಳು ಇಷ್ಟು ಖಡಕ್ಕಾಗಿ ಇರುವುದಿಲ್ಲ, ಒಂದರೊಳಗೆ ಒಂದು ಸೇರಿಕೊಂಡಿರುತ್ತವೆ, ಆದರೂ ಲೆಕ್ಕ ಇದೇ. ಈಗ ನೀನೇ ಹೇಳು, ಬನಶಂಕರಿಯಿಂದ ಹೆಬ್ಬಾಳಕ್ಕೆ ಹೋಗುವ ದಾರಿಯಲ್ಲಿ ಮುಕ್ಕಾಲು ಆಕ್ಸಿಲರೇಟರ್ ಎಲ್ಲಿ ತಿರುಗಿಸುತ್ತೀಯ? ತಿರುಗಿಸುತ್ತಿದ್ದರೆ ನಿನಗೆ ಬರೆಯಬೇಕಾದ ಪತ್ರವೇ ಬೇರೆ.

ಆರ್‌ಡಿ, ಅಂದರೆ ನಮ್ಮಂಥ ರಾಜದೂತ್ 350, ಇಟ್ಟುಕೊಂಡ ತುಂಬಾ ಜನಕ್ಕೆ ಟ್ಯೂನಿಂಗ್ ಅಂದರೆ ಆ ಕೊನೆಯ ಕಾಲು ಭಾಗ ಮಾತ್ರ. ತಪ್ಪು ಅವರದೂ ಅಲ್ಲ ಬಿಡು. 1983ರಲ್ಲಿ ಎಸ್ಕಾರ್ಟ್ಸ್‌ನವರು ಈ ರಾಜದೂತ್ 350 ತಂದಾಗ ನಮ್ಮ ರಸ್ತೆಗಳಲ್ಲಿ ಇಷ್ಟು ವೇಗದ ಬೈಕೇ ಇರಲಿಲ್ಲ. ಎರಡು ಸಿಲಿಂಡರ್, 347 ಸಿಸಿ, ಆರು ಗೇರು. ಮೂಲದ ಯಮಹಾ ಆರ್‌ಡಿಗೆ 39 ಅಶ್ವಶಕ್ತಿ ಇತ್ತು. ಇಲ್ಲಿ ಅದನ್ನು ಇಳಿಸಿ ಹೈ ಟಾರ್ಕ್ ಅನ್ನುವ ಮೊದಲ ಮಾದರಿಗೆ 30.5, ಆಮೇಲೆ ಬಂದ ಲೋ ಟಾರ್ಕ್‌ಗೆ 27 ಮಾಡಿದರು. ಹಾಗಾಗಿ ಗಾಡಿ ಕೊಂಡವನಿಗೆಲ್ಲ ಕಂಪನಿ ಕಿತ್ತುಕೊಂಡಿದ್ದನ್ನು ವಾಪಸ್ ತರುವುದೇ ಕೆಲಸವಾಯಿತು. ನಮ್ಮದು ಲೋ ಟಾರ್ಕ್. ಜನ ಮೂಗು ಮುರಿಯುತ್ತಾರೆ, ಮುರಿಯಲಿ. ದಿನಾ ಆಫೀಸಿಗೆ ಹೋಗುವವಳಿಗೆ ಅದು ಧಾರಾಳವಾಗಿ ಸಾಕು. ಮೈಸೂರಲ್ಲಿ ನಮ್ಮ ಬೀದಿ ತುಂಬಾ ಯೆಜ್ದಿ ಇದ್ದ ಕಾಲದಲ್ಲಿ, ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯ ಗಾಡಿ ಬಿಟ್ಟು ಫರೀದಾಬಾದಿನದು ಯಾಕೆ ತಂದೆ ಅಂತ ಎಲ್ಲರೂ ನನ್ನನ್ನು ಕೇಳಿದವರೇ. ಯೆಜ್ದಿಗೆ ಕಾರ್ಬುರೇಟರ್ ಒಂದು, ನಮ್ಮದಕ್ಕೆ ಎರಡು. ತಲೆನೋವು ಇರುವುದೇ ಆ ಎರಡನೆಯದರಲ್ಲಿ.

ಆದರೆ ಕಾರ್ಬುರೇಟರ್‌ಗೆ ಕೈ ಹಾಕುವ ಮುಂಚೆ ಬೇರೆಲ್ಲ ನೋಡಿಬಿಡು. ಕಾರ್ಬುರೇಟರ್ ತೊಂದರೆ ಅಂತ ಬರುವ ಗಾಡಿಗಳಲ್ಲಿ ಅರ್ಧಕ್ಕರ್ಧ ಕಾರ್ಬುರೇಟರ್ ತೊಂದರೆಯೇ ಅಲ್ಲ ಅನ್ನುವುದು ನನ್ನ ಅಭಿಪ್ರಾಯ. ಈ ಗಾಡಿಯಲ್ಲಿ ಪ್ಲಗ್ಗಿಗೆ ಕಿಡಿ ಬರಿಸುವ ಎರಡು ಪಾಯಿಂಟ್ ಸೆಟ್ ಇವೆ, ಒಂದೊಂದು ಸಿಲಿಂಡರಿಗೂ ಒಂದೊಂದು. ಮೊದಲು ಎರಡರ ಗ್ಯಾಪ್ ಸರಿ ಮಾಡಿ, ಆಮೇಲೆ ಎರಡೂ ಕಡೆಯ ಟೈಮಿಂಗ್, ಅಂದರೆ ಕಿಡಿ ಹಾರುವ ಕ್ಷಣ, ಬೇರೆ ಬೇರೆಯಾಗಿ ಕೂರಿಸಬೇಕು. ಒಂದು ಕಡೆ ಸರಿಯಿದ್ದು ಇನ್ನೊಂದು ಕಡೆ ಹಿಂದೆಮುಂದೆ ಆಗಿದ್ದರೆ ನೀನು ಏರ್ ಸ್ಕ್ರೂ ಎಷ್ಟು ತಿರುಗಿಸಿದರೂ ಗಾಡಿ ಸಮಾಧಾನವಾಗುವುದಿಲ್ಲ. ಸೈಲೆನ್ಸರ್ ಒಳಗಿನ ಬ್ಯಾಫಲ್ ತೆಗೆದು ನೋಡು, ಕಾರ್ಬನ್ ಕಟ್ಟಿರುತ್ತದೆ. ಏರ್ ಫಿಲ್ಟರ್ ನೋಡು. ಟ್ಯಾಂಕಿನಲ್ಲಿ ತುಕ್ಕು ಇದ್ದರೆ ಅದನ್ನು ಮೊದಲು ತೆಗೆಸು, ಇಲ್ಲದಿದ್ದರೆ ಇವತ್ತು ಕ್ಲೀನ್ ಮಾಡಿದ ಪೈಲಟ್ ಜೆಟ್ ನಾಳೆ ಮತ್ತೆ ಕಟ್ಟಿಕೊಳ್ಳುತ್ತದೆ.

ಆಮೇಲೆ ಏರ್ ಎಳೆಯುತ್ತಿದೆಯಾ ಅಂತ ನೋಡಬೇಕು. ನಿನ್ನ ಗಾಡಿಗೆ ನನ್ನ ಮೊದಲ ಅನುಮಾನ ಇದೇ. ಟೂ ಸ್ಟ್ರೋಕ್ ಎಂಜಿನ್ ಕ್ರ್ಯಾಂಕ್‌ಕೇಸ್, ಅಂದರೆ ಕ್ರ್ಯಾಂಕ್ ತಿರುಗುವ ಕೆಳಗಿನ ಪೆಟ್ಟಿಗೆಯ ಮೂಲಕವೇ ಉಸಿರಾಡುತ್ತದೆ. ಕ್ರ್ಯಾಂಕ್ ಸೀಲ್ ಹೋಗಿದ್ದರೂ, ಕಾರ್ಬುರೇಟರ್ ಕೂರುವ ರಬ್ಬರ್ ಬಿರುಕು ಬಿಟ್ಟಿದ್ದರೂ, ಒಳಗೆ ಹೋದದ್ದು ವಾಪಸ್ ಬರದಂತೆ ತಡೆಯುವ ರೀಡ್ ಬ್ಲಾಕಿನ ಪ್ಯಾಕಿಂಗ್ ಸರಿಯಿಲ್ಲದಿದ್ದರೂ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ನುಗ್ಗುತ್ತದೆ. ಚೋಕ್‌ಗೆ ಅಂತ ಎರಡು ಕಾರ್ಬುರೇಟರ್ ಮಧ್ಯೆ ಒಂದು ಸಣ್ಣ ಪೈಪು ಇದೆ, ಅದು ಗಟ್ಟಿಯಾಗಿ ಸೀಳಿರುವುದನ್ನು ಯಾರೂ ನೋಡುವುದೇ ಇಲ್ಲ. ಪತ್ತೆ ಮಾಡುವುದು ಸುಲಭ. ಆಕ್ಸಿಲರೇಟರ್ ಕೊಟ್ಟು ಬಿಟ್ಟಾಗ ಆರ್‌ಪಿಎಂ ತಕ್ಷಣ ಇಳಿಯದೆ ಮೇಲೆಯೇ ನಿಂತು ನಿಧಾನಕ್ಕೆ ಇಳಿದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ ಅಂತ ಅರ್ಥ. ಎಂಜಿನ್ ಓಡುತ್ತಿರುವಾಗ ಆ ರಬ್ಬರ್ ಸುತ್ತ ಕಾರ್ಬ್ ಕ್ಲೀನರ್ ಸ್ವಲ್ಪ ಸ್ವಲ್ಪವೇ ಹೊಡೆದು ನೋಡು, ಐಡ್ಲಿಂಗ್ ಬದಲಾದರೆ ಅಲ್ಲೇ ತೂತು. ಬಯಲಲ್ಲಿ ಮಾಡು, ಬಿಸಿ ಸೈಲೆನ್ಸರ್ ಮೇಲೆ ಹೊಡೆಯಬೇಡ.

ಇಷ್ಟಾದ ಮೇಲೆ ಎರಡೂ ಕಾರ್ಬುರೇಟರ್ ಬಿಚ್ಚಿ ತೊಳೆ. ಜೆಟ್ ತೂತಿಗೆ ತಂತಿ ಹಾಕಬೇಡ, ಹಿತ್ತಾಳೆ ಮೆತ್ತಗಿರುತ್ತದೆ, ತೂತು ದೊಡ್ಡದಾದರೆ ನಂಬರಿಗೆ ಅರ್ಥವೇ ಇರುವುದಿಲ್ಲ. ಗಾಳಿ ಹೊಡೆದರೆ ಸಾಕು. ಎರಡೂ ಕಡೆ ಒಂದೇ ನಂಬರಿನ ಜೆಟ್ ಇದೆಯಾ, ಪಿನ್ನನ್ನು ಹಿಡಿಯುವ ಲಾಕು ಎರಡರಲ್ಲೂ ಒಂದೇ ಕಚ್ಚಿನಲ್ಲಿ ಇದೆಯಾ, ಪೆಟ್ರೋಲ್ ಮಟ್ಟ ನೋಡಿಕೊಳ್ಳುವ ಫ್ಲೋಟಿನ ಎತ್ತರ ಒಂದೇ ಇದೆಯಾ ನೋಡು. ನಗಬೇಡ, ಎಡಗಡೆ ಒಂದು ಸೈಜು ಬಲಗಡೆ ಒಂದು ಸೈಜು ಹಾಕಿಕೊಂಡು ವರ್ಷಗಟ್ಟಲೆ ಓಡಿದ ಗಾಡಿಗಳನ್ನು ನಾನು ನೋಡಿದ್ದೇನೆ. ಜೆ.ಸಿ. ರೋಡಿನಲ್ಲಿ ಜೆಟ್ ತಗೊಂಡರೆ ಎರಡನ್ನೂ ಒಂದೇ ಕಡೆ, ಒಂದೇ ಕಂಪನಿಯದು ತಗೋ. ಡೂಪ್ಲಿಕೇಟ್ ಮೇಲೆ ಬರೆದ ನಂಬರನ್ನು ನಂಬಬೇಡ.

ಪಿನ್ನು ಮತ್ತು ಅದು ಕೂರುವ ನೀಡಲ್ ಜೆಟ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ದಿನಾ ಓಡಿಸುವವರ ಜೀವ ಇರುವುದೇ ಅಲ್ಲಿ. ಎಂಜಿನ್ ನಡುಗುವಾಗಲೆಲ್ಲ ಪಿನ್ನು ಆ ತೂತಿನ ಅಂಚಿಗೆ ಉಜ್ಜುತ್ತದೆ. ನಲವತ್ತು ವರ್ಷದಲ್ಲಿ ಗುಂಡಗಿದ್ದ ತೂತು ಮೊಟ್ಟೆ ಆಕಾರಕ್ಕೆ ಬಂದಿರುತ್ತದೆ. ಆಗ ಐಡ್ಲಿಂಗ್ ಚೆನ್ನಾಗಿರುತ್ತದೆ, ಜೋರಾಗಿ ಹೋದರೂ ಚೆನ್ನಾಗಿರುತ್ತದೆ, ಆದರೆ ನೀನು ಊರೊಳಗೆ ಓಡಿಸುವ ಆ ಮಧ್ಯದ ವೇಗದಲ್ಲೇ ಪೆಟ್ರೋಲ್ ಜಾಸ್ತಿ ಬಂದು ಬುರುಬುರು ಅನ್ನುತ್ತದೆ, ಪ್ಲಗ್ ಕಪ್ಪಾಗುತ್ತದೆ, ಮೈಲೇಜ್ ಬಿದ್ದುಹೋಗುತ್ತದೆ. ಜನ ಇದಕ್ಕೆ ಮೇನ್ ಜೆಟ್ ಚಿಕ್ಕದು ಹಾಕುತ್ತಾರೆ. ಊರೊಳಗಿನ ಬುರುಬುರು ಹಾಗೇ ಇರುತ್ತದೆ, ಹೈವೇಯಲ್ಲಿ ಮಾತ್ರ ಎಂಜಿನ್ ಸೀಜ್ ಆಗುತ್ತದೆ, ಅಂದರೆ ಕಾದು ಕಚ್ಚಿಕೊಂಡು ನಿಲ್ಲುತ್ತದೆ! ಪಿನ್ನು, ನೀಡಲ್ ಜೆಟ್ ಜೋಡಿಯಾಗಿ ಹೊಸದು ಹಾಕಿಸು. ಲಾಕನ್ನು ಒಂದು ಕಚ್ಚು ಕೆಳಗೆ ಹಾಕಿದರೆ ಪಿನ್ನು ಮೇಲೇರಿ ಪೆಟ್ರೋಲ್ ಜಾಸ್ತಿ ಬರುತ್ತದೆ, ಮೇಲೆ ಹಾಕಿದರೆ ಕಮ್ಮಿ. ಮೊದಲು ಮಧ್ಯದಲ್ಲಿ ಹಾಕಿ ಶುರು ಮಾಡು.

ಈಗ ಸಿಂಕ್ ಮಾಡುವುದು, ಅಂದರೆ ಎರಡೂ ಕಾರ್ಬುರೇಟರ್ ಒಟ್ಟಿಗೇ ತೆರೆಯುವ ಹಾಗೆ ಮಾಡುವುದು. ಏರ್ ಬಾಕ್ಸಿನ ಕಡೆಯ ರಬ್ಬರ್ ತೆಗೆದರೆ ಎರಡೂ ಸ್ಲೈಡ್ ಕಾಣುತ್ತವೆ. ಎರಡು ಒಂದೇ ಸೈಜಿನ ಸಣ್ಣ ಡ್ರಿಲ್ ಬಿಟ್ ತಗೊಂಡು ಒಂದೊಂದು ಸ್ಲೈಡಿನ ಕೆಳಗೆ ಒಂದೊಂದು ಇಡು. ಸ್ಲೈಡ್ ಪೂರ್ತಿ ಇಳಿಯದಂತೆ ತಡೆಯುವ ಸ್ಟಾಪ್ ಸ್ಕ್ರೂ ತಿರುಗಿಸಿ ಎರಡೂ ಕಡೆ ಬಿಟ್ ಅಷ್ಟೇ ಬಿಗಿಯಾಗಿ ಜಾರುವ ಹಾಗೆ ಮಾಡು. ಆಮೇಲೆ ಕೇಬಲ್. ಹ್ಯಾಂಡಲಿನಿಂದ ಬರುವ ಒಂದು ಕೇಬಲ್ ಕೆಳಗೆ ಮೂರಾಗುತ್ತದೆ, ಎರಡು ಕಾರ್ಬುರೇಟರಿಗೆ, ಒಂದು ಆಯಿಲ್ ಪಂಪಿಗೆ. ಎರಡೂ ಸ್ಲೈಡ್ ಮೇಲೆ ಬೆರಳಿಟ್ಟು ಯಾರನ್ನಾದರೂ ನಿಧಾನವಾಗಿ ಆಕ್ಸಿಲರೇಟರ್ ತಿರುಗಿಸಲು ಹೇಳು. ಎರಡೂ ಒಂದೇ ಕ್ಷಣಕ್ಕೆ ಮೇಲೇಳಬೇಕು. ಒಂದು ಮುಂಚೆ ಎದ್ದರೂ ಹೊರಡುವಾಗ ನಿನಗೆ ಆಗುತ್ತಿರುವ ತಡೆ, ನುಗ್ಗು ಎರಡೂ ಬರುತ್ತವೆ, ಯಾಕೆಂದರೆ ಒಂದು ಸಿಲಿಂಡರ್ ಹೊರಟಿರುತ್ತದೆ, ಇನ್ನೊಂದು ಇನ್ನೂ ಅಲ್ಲೇ ಇರುತ್ತದೆ. ಎಲ್ಲ ಮುಗಿದ ಮೇಲೆ ಎಂಜಿನ್ ಸ್ಟಾರ್ಟ್ ಮಾಡಿ ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸು. ಆರ್‌ಪಿಎಂ ಏರಿದರೆ ಕೇಬಲ್ ಬಿಗಿಯಾಗಿದೆ.

ಆಯಿಲ್ ಪಂಪನ್ನು ಮರೆಯಲೇಬೇಡ. ಕಾರ್ಬುರೇಟರ್ ಕೇಬಲ್ ಸರಿಮಾಡಿ ಪಂಪಿನ ಕೇಬಲ್ ಹಾಗೇ ಬಿಟ್ಟರೆ ಎಂಜಿನ್ ಕೇಳುವಷ್ಟು ಆಯಿಲ್ ಸಿಗುವುದಿಲ್ಲ. ಪಂಪಿನ ಚಕ್ರದ ಮೇಲೆ ಗುರುತು ಇದೆ, ಸರ್ವಿಸ್ ಪುಸ್ತಕದಲ್ಲಿ ಹೇಳಿದ ಜಾಗಕ್ಕೆ ಅದು ಬರಬೇಕು. ಪುಸ್ತಕದ ಜೆರಾಕ್ಸ್ ನಿನ್ನ ಕಪಾಟಿನ ಮೇಲಿನ ಖಾನೆಯಲ್ಲೇ ಇದೆ.

ಕೊನೆಗೆ ಏರ್ ಸ್ಕ್ರೂ. ಎಂಜಿನ್ ಪೂರ್ತಿ ಬಿಸಿಯಾಗಿರಬೇಕು. ನಮ್ಮ ಮಿಕುನಿ ಕಾರ್ಬುರೇಟರಿನಲ್ಲಿ ಸ್ಕ್ರೂ ಏರ್ ಫಿಲ್ಟರ್ ಕಡೆಗಿದೆ, ಅಂದರೆ ಅದು ಬಿಡುವುದು ಗಾಳಿಯನ್ನು. ಒಳಗೆ ತಿರುಗಿಸಿದರೆ ಗಾಳಿ ಕಮ್ಮಿಯಾಗಿ ಪೆಟ್ರೋಲಿನ ಪಾಲು ಜಾಸ್ತಿ, ಹೊರಗೆ ತಿರುಗಿಸಿದರೆ ಉಲ್ಟಾ. ಎಂಜಿನ್ ಕಡೆಗೆ ಸ್ಕ್ರೂ ಇರುವ ಕಾರ್ಬುರೇಟರ್‌ಗಳಲ್ಲಿ ಅದು ಪೆಟ್ರೋಲ್ ಸ್ಕ್ರೂ, ಅಲ್ಲಿ ಎಲ್ಲ ತಿರುವುಮುರುವು. ಹೊಸ ಗಾಡಿ ಮುಟ್ಟಿ ಕೈ ಪಳಗಿದವರು ಇಲ್ಲಿ ಎಡವುತ್ತಾರೆ. ಪೂರ್ತಿ ಒಳಗೆ ಮೆತ್ತಗೆ ಕೂರಿಸಿ ಒಂದೂವರೆ ಸುತ್ತು ಹೊರಗೆ ತೆಗೆದು ಶುರು ಮಾಡು. ಎಂಜಿನ್ ಯಾವ ಜಾಗದಲ್ಲಿ ಜಾಸ್ತಿ ಓಡುತ್ತದೋ ಅಲ್ಲಿ ನಿಲ್ಲಿಸು, ಸ್ಟಾಪ್ ಸ್ಕ್ರೂಗಳನ್ನು ಸಮಸಮವಾಗಿ ತಿರುಗಿಸಿ ಐಡ್ಲಿಂಗ್ ಇಳಿಸು, ಮತ್ತೆ ನೋಡು. ಅರ್ಧ ಸುತ್ತಿಗೂ ಒಳಗೇ ಸರಿಹೋಗುತ್ತಿದೆ ಅಂದರೆ ಪೈಲಟ್ ಜೆಟ್ ಚಿಕ್ಕದಾಯಿತು ಇಲ್ಲವೇ ಕಟ್ಟಿದೆ. ಎರಡೂವರೆ ಸುತ್ತು ದಾಟಿದರೆ ದೊಡ್ಡದಾಯಿತು. ಸರಿಯಾದ ಜಾಗ ಸಿಕ್ಕ ಮೇಲೆ ನಾನು ಎಂಟನೇ ಒಂದು ಸುತ್ತಿನಷ್ಟು ಒಳಗೆ ತಿರುಗಿಸುತ್ತೇನೆ. ಪಿಕಪ್ ಎಲ್ಲೋ ಕೂದಲೆಳೆಯಷ್ಟು ಮಂದವಾಗಬಹುದು, ಆದರೆ ಬೆಳಿಗ್ಗೆ ಚಳಿಯಲ್ಲಿ ಬೇಗ ಸ್ಟಾರ್ಟ್ ಆಗುತ್ತದೆ, ಟ್ರಾಫಿಕ್‌ನಲ್ಲಿ ಎಂಜಿನ್ ತಣ್ಣಗಿರುತ್ತದೆ. ಇದನ್ನು ಒಪ್ಪದವರು ಇದ್ದಾರೆ, ಅವರ ಗಾಡಿ ಭಾನುವಾರ ಮಾತ್ರ ಓಡುತ್ತದೆ. ಐಡ್ಲಿಂಗ್ 1300ರ ಆಸುಪಾಸು ಇರಲಿ. 800ಕ್ಕೆ ಇಳಿಸಿ ಟಕಟಕ ಕೇಳುವ ಶೋಕಿ ಬುಲೆಟ್‌ನವರಿಗೆ ಬಿಡು.

ಇನ್ನು ಪೆಟ್ರೋಲ್. ಈಗ ಬಂಕಿನಲ್ಲಿ ಸಿಗುವುದು ಶೇ. 20ರವರೆಗೆ ಎಥನಾಲ್ ಬೆರೆಸಿದ್ದು. ಬರೀ ಪೆಟ್ರೋಲ್ ಉರಿಯಲು ಒಂದು ಪಾಲಿಗೆ ಸುಮಾರು 14.7 ಪಾಲು ಗಾಳಿ ಬೇಕು, ಎಥನಾಲಿಗೆ 9 ಪಾಲು ಸಾಕು. ಹಳೇ ಸೆಟ್ಟಿಂಗ್‌ನಲ್ಲಿ ಹೊಸ ಪೆಟ್ರೋಲ್ ಹಾಕಿದರೆ ತಾನಾಗಿಯೇ ಗಾಳಿ ಜಾಸ್ತಿಯಾದ ಹಾಗೆ. ಹಾಗಾಗಿ ನಿನ್ನ ಗ್ಯಾರೇಜಿನವನ ಮಾತಿನಲ್ಲಿ ಸ್ವಲ್ಪ ನಿಜವೂ ಇದೆ, ಎಲ್ಲ ಸರಿಯಾದ ಮೇಲೆ ಮೇನ್ ಜೆಟ್ ಒಂದು ನಂಬರ್ ಮೇಲೆ ಹೋಗಬೇಕಾಗಬಹುದು. ಎಥನಾಲ್ ನೀರು ಎಳೆಯುತ್ತದೆ, ಹಳೇ ರಬ್ಬರ್ ತಿನ್ನುತ್ತದೆ. ನೀನು ಊರಿಗೆ ಬರುವಾಗ ಗಾಡಿ ಬೆಂಗಳೂರಲ್ಲೇ ನಿಲ್ಲಿಸುವುದಾದರೆ ಟ್ಯಾಪ್ ಮುಚ್ಚಿ ಎರಡೂ ಫ್ಲೋಟ್ ಬೌಲ್ ಖಾಲಿ ಮಾಡು.

ದಸರಾ ರಜೆಗೆ ಮಂಗಳೂರಿಗೆ ಇದರಲ್ಲೇ ಹೋಗ್ತೀನಿ ಅಂದಿದ್ದೀಯ. ಹೋಗು, ನಾನೇನು ಬೇಡ ಅನ್ನಲ್ಲ. ಆದರೆ ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಮೇಲಿದೆ, ಅಲ್ಲಿ ಗಾಳಿ ಮಂಗಳೂರಿಗಿಂತ ತೆಳು. ಅಲ್ಲಿ ಬಿಗಿಯಾಗಿ ಕೂರಿಸಿದ ಸೆಟ್ಟಿಂಗ್ ಘಟ್ಟ ಇಳಿದ ಮೇಲೆ ಪೆಟ್ರೋಲ್ ಕಮ್ಮಿಯ ಕಡೆಗೆ ವಾಲುತ್ತದೆ. ಟೂ ಸ್ಟ್ರೋಕಿಗೆ ಅದೇ ಅಪಾಯ. ಏರ್ ಸ್ಕ್ರೂ ಒಳಗೆ ತಿರುಗಿಸಿ ಪೆಟ್ರೋಲ್ ಸ್ವಲ್ಪ ಜಾಸ್ತಿ ಇರಲಿ ಅಂತ ಮೇಲೆ ಹೇಳಿದ್ದು ಇಲ್ಲೂ ಕೆಲಸಕ್ಕೆ ಬರುತ್ತದೆ. ಶಿರಾಡಿ ಇಳಿಯುವಾಗ ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಗೇರಿನಲ್ಲೇ ಉದ್ದಕ್ಕೂ ಇಳಿಯಬೇಡ, ಮುಚ್ಚಿದಾಗ ಪಂಪು ಆಯಿಲ್ ಕೊಡುವುದೂ ಕಮ್ಮಿ. ಆಗಾಗ ಕ್ಲಚ್ ಹಿಡಿದು ಸ್ವಲ್ಪ ರೇಸ್ ಮಾಡು. ಮೈಸೂರಿಗೆ ಬರುವಾಗ ಈ ಚಿಂತೆ ಇಲ್ಲ, ಎಕ್ಸ್‌ಪ್ರೆಸ್‌ವೇ ಮೇಲೆ ಬೈಕು ಬಿಡುವುದನ್ನು 2023ರಲ್ಲೇ ನಿಲ್ಲಿಸಿದ್ದಾರೆ, ಸರ್ವಿಸ್ ರೋಡಿನ ಹಂಪ್‌ಗಳೇ ನಿನ್ನ ವೇಗ ನೋಡಿಕೊಳ್ಳುತ್ತವೆ.

ಚೋಕ್ ಬಗ್ಗೆ ಒಂದು ಮಾತು ಬಿಟ್ಟುಹೋಗಿತ್ತು. ಬೆಳಿಗ್ಗೆ ಚೋಕ್ ಹಾಕಿದಾಗ ಆಕ್ಸಿಲರೇಟರ್ ಮುಟ್ಟದೆ ಕಿಕ್ ಹೊಡಿ. ಸ್ಲೈಡ್ ಮುಚ್ಚಿದ್ದರೆ ಮಾತ್ರ ಅದು ಪೆಟ್ರೋಲ್ ಎಳೆಯುತ್ತದೆ. ನೀನು ತಿರುಗಿಸಿಕೊಂಡು ಕಿಕ್ ಹೊಡೆಯುವುದನ್ನು ವೀಡಿಯೊದಲ್ಲಿ ನೋಡಿದೆ.

ಈ ಶನಿವಾರ ಇಷ್ಟು ಮಾಡಿ ನಾಲ್ಕೈದು ದಿನ ಆಫೀಸಿಗೆ ಓಡಿಸು. ಆಮೇಲೆ ಒಂದು ಸಲ ಮಾಮೂಲಿ ವೇಗದಲ್ಲಿ ಹೋಗುತ್ತಿರುವಾಗ, ಹಿಂದೆ ಯಾರೂ ಇಲ್ಲದ ರಸ್ತೆಯಲ್ಲಿ, ಕ್ಲಚ್ ಹಿಡಿದು ಇಗ್ನಿಷನ್ ಆಫ್ ಮಾಡಿ ಪಕ್ಕಕ್ಕೆ ನಿಲ್ಲಿಸಿ ಎರಡೂ ಪ್ಲಗ್ ಬಿಚ್ಚು. ಸಿಗ್ನಲ್‌ನಲ್ಲಿ ನಿಂತ ಮೇಲೆ ಬಿಚ್ಚಿದರೆ ಐಡ್ಲಿಂಗ್ ಬಣ್ಣ ಕಾಣುತ್ತದೆ, ಅದರಿಂದ ಉಪಯೋಗವಿಲ್ಲ. ಫೋಟೊ ತೆಗೆದು ಕಳಿಸು, ಎಡ ಯಾವುದು ಬಲ ಯಾವುದು ಅಂತ ಬರೆದು. ಎರಡರ ಬಣ್ಣ ಬೇರೆ ಬೇರೆ ಇದ್ದರೆ ಬೇರೇನೂ ಮುಟ್ಟದೆ ಫೋನ್ ಮಾಡು.

ಅಮ್ಮ

ತಾ.ಕ.: ಗ್ಯಾರೇಜಿನವನು ಏರ್ ಬಾಕ್ಸ್ ತೆಗೆದು ಸಣ್ಣ ಕೋನ್ ಫಿಲ್ಟರ್ ಹಾಕೋಣ ಅಂದರೆ ಅದಕ್ಕೂ ಬೇಡ ಅನ್ನು.